ತೋತಾ ಮಿಯಾ ಕ್ಷಮೆ ಕೇಳಿದ್ದು

ಢಾಕಾದ ಹಳೇ ಪೇಟೆಯಲ್ಲಿ, ಚೂನಾ ಗಲ್ಲಿಯ ಬಾಯಲ್ಲಿ ನಿಲ್ಲುತ್ತಿದ್ದ ಕುದುರೆಗಾಡಿಗಳಲ್ಲಿ ತೋತಾ ಮಿಯಾನ ಗಾಡಿಯೇ ಎಲ್ಲಕ್ಕಿಂತ ಹಳತು, ಅವನ ನಾಲಿಗೆಯೇ ಎಲ್ಲಕ್ಕಿಂತ ಹರಿತ. ತೋತಾ ಎಂದರೆ ಗಿಳಿ. ಹೆತ್ತವರು ಇಟ್ಟ ಹೆಸರು ತೊಫಜ್ಜಲ್ ಹೊಸೇನ್. ಮಸೀದಿಯ ಇಮಾಮರೊಬ್ಬರನ್ನು ಬಿಟ್ಟರೆ ಯಾರೂ ಅದನ್ನು ಬಳಸುತ್ತಿರಲಿಲ್ಲ, ಅವರಿಗೂ ಅರ್ಧವೇ ನೆನಪು. ಸದರ್‌ಘಾಟಿನ ಬಾಡಿಗೆಗೆ ಚೌಕಾಸಿ ಮಾಡುವ ಬಾಬುಗಳಿಗೆ ಅವನು ಬಹಳ ವಿನಯದಿಂದ, ಆ ದುಡ್ಡಿಗೆ ಗಾಡಿ ಬರುವುದಿಲ್ಲ, ಗಾಡಿಯ ನೆರಳು ಬರುತ್ತದೆ, ಅದರಲ್ಲಿ ನಡೆದುಕೊಂಡು ಬನ್ನಿ ಎನ್ನುತ್ತಿದ್ದ. ಕುದುರೆಯ ಹೆಸರು ಮೇಮ್, ಎಂದರೆ ಬಿಳಿ ದೊರೆಸಾನಿ. ಬೆಳ್ಳಗಿದ್ದಳು, ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಅದಕ್ಕೇ ಆ ಹೆಸರು.

ಚೂನಾ ಗಲ್ಲಿಯಲ್ಲಿ ಹಂಗಿಸುವುದು ಜಗಳವಲ್ಲ, ಕ್ಷೇಮಸಮಾಚಾರ. ಚೆನ್ನಾಗಿದ್ದೀರಾ ಎಂದು ಕೇಳುವುದು ಪರವೂರಿನವರ ಕೆಲಸ. ತೋತಾ ಮಿಯಾನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದ ಮೊಕ್ಬುಲನಿಗೂ ಅವನಿಗೂ ಚಡ್ಡಿ ಹಾಕದ ವಯಸ್ಸಿನಿಂದ ಸ್ನೇಹ, ಆದರೆ ಇಬ್ಬರೂ ಒಬ್ಬರಿಗೊಬ್ಬರು ಒಂದು ಒಳ್ಳೆಯ ಮಾತು ಆಡಿದ್ದನ್ನು ಕಂಡವರಿಲ್ಲ. ಮೊಕ್ಬುಲನ ತಂದೆ ತೀರಿಕೊಂಡಾಗ ತೋತಾ ಮಿಯಾ ಹೆಣಕ್ಕೆ ಹೆಗಲು ಕೊಟ್ಟು ಇಡೀ ದಾರಿ ಅಳುತ್ತಲೇ, ಮುದುಕ ಸತ್ತ ಮೇಲೂ ಭಾರ ಕಡಿಮೆ ಮಾಡಿಕೊಳ್ಳಲಿಲ್ಲವಲ್ಲ ಎಂದಿದ್ದ. ಮೊಕ್ಬುಲ್ ಅಳು ನಿಲ್ಲಿಸಿದ್ದು ಆ ಮಾತು ಕೇಳಿಯೇ.

ಈ ತೋತಾ ಮಿಯಾ ಬಂಗಾಳಿ ಭಾಷೆಯ ಪರವಾಗಿದ್ದವನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಈಗ ಢಾಕಾದಲ್ಲಿ ಯಾರನ್ನು ಕೇಳಿದರೂ ತಾವು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದಲೇ ಆ ಪಕ್ಷ ಎನ್ನುತ್ತಾರೆ. ತೋತಾ ಮಿಯಾನ ಪ್ರಕಾರ ಬಂಗಾಳಿ ಎಂದರೆ ಕನ್ನಡಕದ ಬಾಬುಗಳು ಪುಸ್ತಕ ಹಿಡಿದು ಮೂಗಿನಲ್ಲಿ ಓದುವಂಥದ್ದು. ತಾನು ಆಡುವುದು ಢಾಕಾ ಪೇಟೆಯ ಮಾತು. ಅದಕ್ಕೂ ಇದಕ್ಕೂ ಏನು ಸಂಬಂಧ. ಉರ್ದು ನವಾಬರ ಭಾಷೆ, ಮರ್ಯಾದಸ್ಥರದ್ದು, ಮತ್ತು ತನಗದು ಸರಾಗ ಎಂದು ಅವನು ನಂಬಿದ್ದ. ಅವನ ಉರ್ದುವಿನಲ್ಲಿ ಇದ್ದದ್ದು ಕುದುರೆಗೆ ಹೇಳುವ ನಾಲ್ಕು ಮಾತು, ಪೊಲೀಸನಿಗೆ ಹೇಳುವ ಎರಡು ಮಾತು, ಆ ಪೊಲೀಸ್ ಅತ್ತ ಹೋದ ಮೇಲೆ ಹೇಳುವ ಒಂದು ಮಾತು.

ದೇಶ ಒಡೆದು ಪಾಕಿಸ್ತಾನವಾದ ಮರುವರ್ಷ ಕರಾಚಿಯಿಂದ ದೊಡ್ಡವರು ಬಂದು, ರೇಸ್ ಮೈದಾನದಲ್ಲಿ ನಿಂತು, ಉರ್ದುವೊಂದೇ ರಾಷ್ಟ್ರಭಾಷೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು. ಅಲ್ಲಿಗೆ ಜನರನ್ನು ಸಾಗಿಸಿ ಒಳ್ಳೆಯ ಬಾಡಿಗೆ ಗಿಟ್ಟಿಸಿದ್ದ ತೋತಾ ಮಿಯಾ, ಸುತ್ತಲಿನವರು ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದ. ಅದೇ ಹೊತ್ತಿನಲ್ಲಿ ವಿದ್ಯಾರ್ಥಿಗಳು ಬಂಗಾಳಿಗೂ ಸ್ಥಾನ ಕೊಡಿ ಎಂದು ಬೀದಿಗಿಳಿದಿದ್ದರು. ಇವರೆಲ್ಲ ಪಾಯಿಜಾಮ ತೊಟ್ಟ ಹಿಂದೂಗಳು, ದೇಶ ಮಾರಲು ಹೊರಟವರು ಎಂದು ಗಲ್ಲಿಯ ಸರ್ದಾರರು ಹೇಳಿದರು. ಸರ್ದಾರರು ಹೇಳಿದ ಮೇಲೆ ಮುಗಿಯಿತು. ಗಾಡಿಯವರೆಲ್ಲ ಚಾವಟಿ ಹಿಡಿದು ಹುಡುಗರನ್ನು ಗಲ್ಲಿಯಿಂದ ಅಟ್ಟಿದರು. ಓಡುವ ಭರದಲ್ಲಿ ಒಬ್ಬ ಹುಡುಗ ಬಿಟ್ಟುಹೋದ ಚಪ್ಪಲಿಯನ್ನು ತೋತಾ ಮಿಯಾ ಗಾಡಿಯ ಹಿಂದೆ ನೇತುಹಾಕಿ, ಇದು ಬಂಗಾಳಿಯ ವ್ಯಾಕರಣ ಎಂದು ಹತ್ತಿದವರಿಗೆಲ್ಲ ತೋರಿಸುತ್ತಿದ್ದ.

ಸರ್ದಾರರೆಂದರೆ ಹಾಜಿ ಮೊತಾಲೆಬ್. ಹಳೇ ಪೇಟೆಯಲ್ಲಿ ಪ್ರತಿ ಮೊಹಲ್ಲಾಕ್ಕೂ ಒಂದು ಪಂಚಾಯ್ತಿ, ಅದಕ್ಕೊಬ್ಬ ಸರ್ದಾರ, ಅವನ ತಲೆಗೆ ನವಾಬರ ಮನೆಯಿಂದ ಬಂದ ಪೇಟ. ಹಾಜಿ ಸಾಹೇಬರ ಪೇಟ ಅವರ ಅಪ್ಪನ ತಲೆಯಿಂದ ಇಳಿದು ಬಂದದ್ದು, ಸ್ವಲ್ಪ ದೊಡ್ಡದಾಗುತ್ತಿತ್ತು. ಯಾರ ಮನೆಯಲ್ಲಿ ಹೆಣ್ಣು ಓಡಿಹೋದಳು, ಯಾರ ಗೋಡೆ ಯಾರ ಜಾಗಕ್ಕೆ ಬಂತು, ಎಲ್ಲ ಅವರ ಅಂಗಳದಲ್ಲೇ ತೀರ್ಮಾನ. ಹೆಣ ಹೊರುವ ಚಟ್ಟ, ಮದುವೆಯ ಜಮಖಾನೆ, ಪೋಲಾವು ಬೇಯಿಸುವ ದೊಡ್ಡ ದೊಡ್ಡ ತಾಮ್ರದ ಕೊಪ್ಪರಿಗೆಗಳು, ಇವೆಲ್ಲ ಪಂಚಾಯ್ತಿಯ ಆಸ್ತಿ. ಅಂಗಳದ ಮೂಲೆಯಲ್ಲಿ ಬೋರಲು ಬಿದ್ದಿರುತ್ತಿದ್ದವು. ಪಂಚಾಯ್ತಿ ಒಬ್ಬನನ್ನು ಹೊರಗಿಟ್ಟಿತೆಂದರೆ ಅವನ ಮನೆಯ ಮದುವೆಗೆ ಕೊಪ್ಪರಿಗೆ ಇಲ್ಲ, ಉಣ್ಣುವ ಜನ ಇಲ್ಲ. ಬಡವರಿಗೆ ಜೈಲಿಗಿಂತ ಇದೇ ಭಯ. ತೋತಾ ಮಿಯಾನ ಒಬ್ಬಳೇ ಮಗಳು ಮೊಯ್ನಾಳ ಮದುವೆ ಐವತ್ತೆರಡನೇ ಇಸವಿಯ ಫೆಬ್ರವರಿ ಕೊನೆಯ ಶುಕ್ರವಾರಕ್ಕೆ ನಿಶ್ಚಯವಾಗಿತ್ತು. ಗಂಡು ಲಾಲ್‌ಬಾಗಿನ ಬಾಕರ್‌ಖಾನಿ ರೊಟ್ಟಿ ಸುಡುವ ಶೋಬ್ರಾತಿ ಮಿಯಾನ ಮಗ.

ಮದುವೆಗೆ ಇನ್ನೊಂದು ವಾರವಿರುವಾಗ, ಗುರುವಾರ ಮಧ್ಯಾಹ್ನ, ಕಾಲು ಮುರಿದುಕೊಂಡ ಒಬ್ಬ ದರ್ಜಿಯನ್ನು ತೋತಾ ಮಿಯಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದ. ವಾಪಸ್ ಬಾಡಿಗೆಗೆ ಕಾಯುತ್ತ ಗೇಟಿನಲ್ಲಿ ಬೀಡಿ ಹಚ್ಚಿದ. ಆಚೆ ವಿದ್ಯಾರ್ಥಿಗಳ ಗದ್ದಲವಿತ್ತು. ಮತ್ತೆ ಅದೇ ಭಾಷೆಯ ರಗಳೆ. ಪೊಲೀಸರು ಹೊಗೆ ಬಿಟ್ಟರು, ಹುಡುಗರು ಇಟ್ಟಿಗೆ ಬಿಟ್ಟರು, ಮೇಮ್ ಸೀನಿದಳು. ಆಮೇಲೆ ಗುಂಡಿನ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಬಾಗಿಲ ಹಲಗೆಯೊಂದರ ಮೇಲೆ ಒಬ್ಬ ಹುಡುಗನನ್ನು ಹೊತ್ತು ನಾಲ್ಕು ಜನ ಓಡಿ ಬಂದರು. ಮೇಮ್ ದಾರಿಗೆ ಅಡ್ಡವಾಗಿದ್ದಳು. ಅವಳನ್ನು ಸರಿಸಲು ತೋತಾ ಮಿಯಾ ಲಗಾಮು ಜಗ್ಗುತ್ತಿದ್ದಷ್ಟು ಹೊತ್ತು ಹುಡುಗನ ಮುಖ ಅವನ ಮೊಣಕೈ ಹತ್ತಿರವೇ ಇತ್ತು.

"ಅಮ್ಮಾ, ನೀರು ಕೊಡೇ. ಅಮ್ಮಾ, ಉರೀತದೆ ಕಣೇ," ಎನ್ನುತ್ತಿದ್ದ ಹುಡುಗ.

ಕಾಲೇಜು ಓದಿದವರು ನರಳುವಾಗಲೂ ಪುಸ್ತಕದ ಮಾತಿನಲ್ಲೇ ನರಳುತ್ತಾರೆ ಎಂದು ತೋತಾ ಮಿಯಾ ಯಾಕೋ ನಂಬಿಕೊಂಡಿದ್ದ. ಇದು ಮೊಯ್ನಾ ಟೈಫಾಯ್ಡ್ ಬಂದು ಮಲಗಿದ್ದಾಗ ಅಳುತ್ತಿದ್ದ ಮಾತು. ಅಕ್ಷರಕ್ಕೆ ಅಕ್ಷರ ಅದೇ. ಹಲಗೆ ಒಳಗೆ ಹೋಯಿತು. ಆ ಹುಡುಗ ಬದುಕಿದನೋ ಸತ್ತನೋ ಅವನಿಗೆ ಕೊನೆಗೂ ತಿಳಿಯಲಿಲ್ಲ. ಬಾಡಿಗೆಗೆ ಕಾಯದೆ ಖಾಲಿ ಗಾಡಿ ಹೊಡೆದುಕೊಂಡು ಬಂದ. ದಾರಿಯ ಒಂದು ತಿರುವಿನಲ್ಲಿ ಇಳಿದು, ಗಾಡಿಯ ಹಿಂದಿನ ಚಪ್ಪಲಿಯನ್ನು ಬಿಚ್ಚಿ, ಎಸೆಯಲು ಹೋಗಿ ಎಸೆಯಲಾರದೆ, ಒಂದು ಗೋಡೆಯ ಮೇಲೆ ಇಟ್ಟು ಬಂದ. ಅವನಿಗೆ ನಾಚಿಕೆಯಾಗಿತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಮೊಕ್ಬುಲ್ ಏನೋ ಹಂಗಿಸಿದರೆ ಉತ್ತರ ಕೊಡಲಿಲ್ಲ. ಮೊಕ್ಬುಲ್ ಗಾಬರಿಬಿದ್ದು ಅವನ ಹಣೆ ಮುಟ್ಟಿ ನೋಡಿದ.

ಮರುದಿನ ಊರೆಲ್ಲ ಬಂದ್. ಅಂಗಡಿ ತೆರೆಯಲಿಲ್ಲ, ಗಾಡಿ ಕಟ್ಟಲಿಲ್ಲ. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಅವತ್ತೂ ಗುಂಡು ಹಾರಿತು. ಶನಿವಾರ ಮಧ್ಯಾಹ್ನ ಹಾಜಿ ಮೊತಾಲೆಬ್ ಪಂಚಾಯ್ತಿ ಕರೆದರು. ಮೇಲಿನವರಿಂದ ಮಾತು ಬಂದಿದೆ, ಊರಲ್ಲಿ ಏನೂ ಆಗಿಲ್ಲ ಎಂದು ಕಾಣಬೇಕು, ಆದ್ದರಿಂದ ನಾಳೆಯಿಂದ ಗಾಡಿಯವರೆಲ್ಲ ಸರ್ಕಾರದ ಪಕ್ಷದ ಬಾವುಟ ಸಿಕ್ಕಿಸಿಕೊಂಡು ಚೌಕದಲ್ಲಿ ಸುತ್ತು ಹೊಡೆಯಬೇಕು ಎಂದರು. ಜನ ತಲೆ ತಗ್ಗಿಸಿ ಕೂತಿದ್ದರು. ಮಗಳ ಮದುವೆ ಎದುರಿಗಿದ್ದವನು ಇಂಥ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಬೇರೆ ಯಾವ ಊರಿನವನಾದರೂ ಹಾಕಿಕೊಳ್ಳುತ್ತಿದ್ದ. ಆದರೆ ಚೂನಾ ಗಲ್ಲಿಯವನ ಬಾಯಿಗೆ ಒಂದು ಮಾತು ಬಂದರೆ ಅದನ್ನು ನುಂಗಿ ಅವನಿಗೆ ಅಭ್ಯಾಸವಿಲ್ಲ.

ತೋತಾ ಮಿಯಾ ಎದ್ದು ಕೈಮುಗಿದು, "ಸರ್ದಾರ್ ಸಾಬ್, ಗಾಡಿ ಏನೋ ತಯಾರಿದೆ. ಮೇಮ್ ಬರಲ್ಲ ಅಂತ ಹಟ ಹಿಡಿದವಳೆ. ಉರ್ದುನಲ್ಲೇ ಹೇಳಿ ನೋಡ್ದೆ, ಕಿವಿಗೇ ಹಾಕ್ಕೊಳ್ಳಲಿಲ್ಲ," ಎಂದ.

"ಮತ್ತೇನು ಮಾಡೋಣ ಅಂತೀಯ?" ಎಂದರು ಹಾಜಿ ಸಾಹೇಬರು, ಗಂಟು ಮುಖದಲ್ಲಿ.

"ತಾವೇ ಒಂದಿನ ಗಾಡಿ ಮೂಕಿಗೆ ಕೊರಳು ಕೊಟ್ಬಿಡಿ. ಲಗಾಮಿನ ಅಭ್ಯಾಸ ಹೇಗೂ ಇದೆಯಲ್ಲ ತಮಗೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು, ಅಲ್ಲಿಂದ ಅದು ಇಡೀ ಅಂಗಳಕ್ಕೆ ಹರಡಿತು. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಜಿ ಸಾಹೇಬರು ಮಾತನ್ನು ಮಾಫಿ ಮಾಡುತ್ತಿದ್ದರೇನೋ. ಅಂಥವು ಎಷ್ಟೋ ಕೇಳಿದ್ದರು. ಆ ನಗುವನ್ನು ಮಾಫಿ ಮಾಡುವುದು ಅವರಿಂದಾಗಲಿಲ್ಲ. ಸಂಜೆಯೊಳಗೆ ತೋತಾ ಮಿಯಾನನ್ನು ಪಂಚಾಯ್ತಿಯಿಂದ ಹೊರಗಿಟ್ಟಾಯಿತು ಎಂದು ಮನೆಮನೆಗೂ ಹೇಳಿ ಕಳಿಸಿದರು.

ಅವನ ಹೆಂಡತಿ ಜೋಬೇದಾ ಸುದ್ದಿ ಕೇಳಿ ಅಳಲಿಲ್ಲ. ಒಲೆಯ ಮುಂದೆ ಕೂತು, ಗಂಡನ ನಾಲಿಗೆಯ ಉದ್ದ, ಅಗಲ, ಅದನ್ನು ಕತ್ತರಿಸಿ ಏನೇನು ಹೊಲಿಸಬಹುದು ಎಂಬುದನ್ನೆಲ್ಲ ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ ವಿವರಿಸಿದಳು. ಸೋಮವಾರ ಶೋಬ್ರಾತಿ ಮಿಯಾ ತಾನೇ ಬಂದ. ಒಳ್ಳೆಯ ಮನುಷ್ಯ, ಆದರೆ ಅವನಿಗೂ ನೆಂಟರಿದ್ದರು. ನಿಮ್ಮ ಪಂಚಾಯ್ತಿ ನಿಮ್ಮದು, ನಾನು ಮೂಗು ತೂರಿಸುವುದಿಲ್ಲ, ಆದರೆ ನನ್ನ ಕಡೆಯ ಜನ ಹಸಿದುಕೊಂಡು ವಾಪಸ್ ಹೋದರೆ ಹೆಣ್ಣಿಲ್ಲದೆಯೇ ಹೋಗುತ್ತಾರೆ ಎಂದು ಹೇಳಿ, ಕೊಟ್ಟ ಚಹಾ ಕುಡಿಯದೆ ಎದ್ದ. ಬಾಗಿಲ ಹಿಂದೆ ನಿಂತಿದ್ದ ಮೊಯ್ನಾ ಅದನ್ನೆಲ್ಲ ಕೇಳಿಸಿಕೊಂಡಳು.

ಬುಧವಾರ ತೋತಾ ಮಿಯಾ ಸ್ನಾನ ಮಾಡಿ, ಈದ್ ಹಬ್ಬದ ಅಂಗಿ ತೊಟ್ಟು, ಹಾಜಿ ಮೊತಾಲೆಬರ ಅಂಗಳಕ್ಕೆ ಹೋದ. ಮಗಳಿಗಿಂತ ಮಾತು ದೊಡ್ಡದೇ ಎಂದು ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಿದ್ದ. ಜನರೆದುರು ಎರಡೂ ಕಿವಿ ಹಿಡಿದುಕೊಂಡು, ತಪ್ಪಾಯಿತು, ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ಹೇಳಿದ. ಗೇಲಿಯ ಒಂದು ಎಳೆಯೂ ಇಲ್ಲದೆ ಹೇಳಿದ. ಹಾಜಿ ಸಾಹೇಬರು ಪೇಟ ಸರಿಪಡಿಸಿಕೊಂಡು, ಅಲ್ಲಾ ಕ್ಷಮಿಸುವವನು ಎಂದರು. ಆಳುಗಳು ಎರಡು ಕೊಪ್ಪರಿಗೆಗಳನ್ನು ಗಾಡಿಯಲ್ಲಿ ಇಟ್ಟರು, ಮೂಕಿಯ ಪಕ್ಕ ಹಸಿರು ಬಾವುಟ ಕಟ್ಟಿದರು. ಚೌಕದಲ್ಲಿ ಒಂದು ಸುತ್ತು ಹೊಡೆದು ಮನೆಗೆ ಹೋಗು ಎಂದು ಅಪ್ಪಣೆಯಾಯಿತು.

ಕಲ್ಲು ಬೀಳಬಹುದು ಎಂದು ತೋತಾ ಮಿಯಾ ಹೆದರಿದ್ದ. ಒಂದೂ ಬೀಳಲಿಲ್ಲ. ಬೈಗುಳ ಬೀಳಬಹುದು ಎಂದು ತಯಾರಾಗಿದ್ದ, ಉತ್ತರಗಳನ್ನೂ ಮಸೆದಿಟ್ಟುಕೊಂಡಿದ್ದ. ಅದೂ ಇಲ್ಲ. ಚೌಕದಲ್ಲಿ ಕಬಾಬಿನವನು ಅವನನ್ನು ನೋಡಿ ಕಬಾಬು ತಿರುವಿದ. ಕ್ಷೌರಿಕ ಗಿರಾಕಿಯ ಗಲ್ಲವನ್ನು ಆ ಕಡೆ ತಿರುಗಿಸಿದ. ಕೊಪ್ಪರಿಗೆಗಳು ಒಂದಕ್ಕೊಂದು ಬಡಿದು ಗಡಗಡ ಸದ್ದು ಮಾಡುತ್ತಿದ್ದವು, ಅಷ್ಟು ಸದ್ದಿಗೆ ಹಳೇ ಪೇಟೆಯಲ್ಲಿ ಕನಿಷ್ಠ ಹತ್ತು ಜನ ಏನಾದರೂ ಹೇಳಬೇಕಿತ್ತು. ಚೂನಾ ಗಲ್ಲಿಯ ಬಾಯಲ್ಲಿ ಮೊಕ್ಬುಲ್ ಬಾವುಟ ಕಟ್ಟದ ತನ್ನ ಖಾಲಿ ಗಾಡಿಯ ಮೇಲೆ ಕೂತಿದ್ದ. ತೋತಾ ಮಿಯಾ ಬೇಕೆಂದೇ ಗಾಡಿ ನಿಧಾನ ಮಾಡಿದ.

ಮೊಕ್ಬುಲ್ ಎದ್ದು ನಿಂತು, ಎದೆಗೆ ಕೈಯಿಟ್ಟು, "ಸಲಾಂ, ತೊಫಜ್ಜಲ್ ಸಾಹೇಬರೇ. ಚೆನ್ನಾಗಿದ್ದೀರಾ?" ಎಂದ.

ಐವತ್ತು ವರ್ಷದಲ್ಲಿ ಆ ಗಲ್ಲಿಯಲ್ಲಿ ಯಾರೂ ತೋತಾ ಮಿಯಾನಿಗೆ ಅಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಮೊಯ್ನಾ ಹೊರಗೆ ಬಂದು ಕೊಪ್ಪರಿಗೆಗಳನ್ನು ನೋಡಿದಳು, ಬಾವುಟವನ್ನೂ ನೋಡಿದಳು. ಅಪ್ಪನಂತೆ ಅವಳದ್ದೂ ಚುರುಕು ನಾಲಿಗೆ, ಆದರೆ ಅವತ್ತು ಮೆಲ್ಲಗೆ ಕೇಳಿದಳು.

"ಇದಕ್ಕೆ ಬದಲು ಅವ್ರಿಗೆ ಏನ್ ಕೊಟ್ರಿ, ಬಾಜಾನ್?"

"ನಿನ್ನ ಮದ್ವೆ ನಡೀಬೇಕಲ್ಲೇ, ಮಗಾ," ಎಂದ ತೋತಾ ಮಿಯಾ.

"ಏನ್ ಕೊಟ್ರಿ ಅಂತ ಕೇಳ್ದೆ."

ಅವನು ಕುದುರೆಯ ಕೊರಳಪಟ್ಟಿ ಸರಿಮಾಡತೊಡಗಿದ. ಮೊಯ್ನಾ ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದಳು. ಜೋಬೇದಾ ಕೂಡ ಬೈಯಲಿಲ್ಲ. ತನ್ನ ಮನೆಯಲ್ಲೂ ತನಗೆ ಬೈಗುಳವಿಲ್ಲ ಎಂದಾದ ಮೇಲೆ ತೋತಾ ಮಿಯಾ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಕೂತ. ಹಲಗೆಯ ಮೇಲಿನ ಹುಡುಗ ನೆನಪಾದ. ಮಗಳಿಗಾಗಿ ಎಂದು ಹೇಳಿಕೊಂಡು, ಮಗಳ ಮಾತನ್ನೇ ಆಡುತ್ತ ನೀರು ಕೇಳಿದವನನ್ನು ಕಾಣಲೇ ಇಲ್ಲ ಎಂದು ಊರಿಗೆಲ್ಲ ಗಾಡಿ ಹೊಡೆದು ತಾನು ಸಾರಿ ಬಂದಿದ್ದೇನೆ ಎನ್ನುವುದು ಆಗ ಅವನಿಗೆ ಸರಿಯಾಗಿ ತಾಗಿತು. ಎದ್ದು ಗಾಡಿ ತಿರುಗಿಸಿದ.

ಹಾಜಿ ಸಾಹೇಬರು ಅಂಗಳದಲ್ಲಿ ಹುಕ್ಕಾ ಸೇದುತ್ತ ಕೂತಿದ್ದರು, ಸುತ್ತ ಐದಾರು ಜನ. ತೋತಾ ಮಿಯಾ ಕೊಪ್ಪರಿಗೆಗಳನ್ನು ಒಂದೊಂದಾಗಿ ತಾನೇ ಹೊತ್ತು ತಂದು ಅವರ ಕಾಲ ಬಳಿ ಇಟ್ಟ. ಸುತ್ತಿದ ಬಾವುಟವನ್ನು ಒಂದರೊಳಗೆ ಹಾಕಿದ.

"ಇದೇನು?" ಎಂದರು ಹಾಜಿ ಸಾಹೇಬರು.

"ತಮ್ಮ ಕೊಪ್ಪರಿಗೆ ತಾವು ವಾಪಸ್ ತಗೊಳ್ಳಿ. ನಾನು ಹಿಡಿದ ಕಿವಿ ನನಗೆ ವಾಪಸ್ ಕೊಡಿ."

"ಹುಚ್ಚು ಹಿಡೀತೇನೋ? ನಾಡಿದ್ದು ಮಗಳ ಮದ್ವೆ."

"ಮದ್ವೆ ನಿಂತ್ರೆ ಇನ್ನೊಬ್ಬ ಗಂಡು ಸಿಗ್ತಾನೆ, ಸರ್ದಾರ್ ಸಾಬ್. ಆಸ್ಪತ್ರೆ ಬಾಗಿಲಲ್ಲಿ ಒಬ್ಬ ಹುಡುಗ ಅಮ್ಮನ್ನ ಕರೆದ. ನನ್ ಮಗಳು ಕರೆಯೋ ಹಾಗೇ ಕರೆದ. ಅದು ನಮ್ ಭಾಷೆ ಅಲ್ಲ ಅಂತ ನಾಲ್ಕು ವರ್ಷದಿಂದ ನೀವು ಹೇಳಿದ್ರಿ, ನಾನು ಹೂಂ ಅಂದೆ. ಇನ್ನು ಅನ್ನಲ್ಲ."

ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಯಾರೂ ನಗಲಿಲ್ಲ. ಹಾಜಿ ಸಾಹೇಬರು ಹುಕ್ಕಾದ ನಳಿಕೆ ಕೈಯಲ್ಲಿ ಹಿಡಿದು ಸೇದುವುದನ್ನು ಮರೆತರು. ಅವರ ಸುತ್ತ ಇದ್ದವರಲ್ಲಿ ಇಬ್ಬರು ಎದ್ದು ತೋತಾ ಮಿಯಾನ ಹಿಂದೆಯೇ ಹೊರಗೆ ಬಂದರು.

ಸುದ್ದಿಗೆ ಚೂನಾ ಗಲ್ಲಿಯಲ್ಲಿ ಕುದುರೆಗಿಂತ ವೇಗ. ತೋತಾ ಮಿಯಾ ಖಾಲಿ ಗಾಡಿ ತಂದು ನಿಲ್ಲಿಸುವ ಹೊತ್ತಿಗೆ ಮೊಕ್ಬುಲ್ ದಾರಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಲೋ ದರಿದ್ರ ಗಿಣೀ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ನಿನ್ ಮಾತಿಗಿಂತ ಮೇಮ್‌ನ ಬಾಲವೇ ಕಡಿಮೆ ಅಲ್ಲಾಡ್ತದಲ್ಲೋ. ಮದ್ವೆ ಮನೆಯಂತೆ, ಅನ್ನ ಬೇಯ್ಸೋಕೆ ಪಾತ್ರೆ ಇಲ್ಲ. ಅದಕ್ಕೇ ನೀವೇ ಬೇಯ್ಸ್ಕೊಂಡು ಬನ್ನಿ ಅಂತ ಗಲ್ಲಿಯೋರಿಗೆ ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು, ನಾಲಿಗೆಗೆ ಹುಳ ಬಿದ್ದಿತ್ತಾ?"

ತೋತಾ ಮಿಯಾ ಮೇಮ್‌ನ ಕುತ್ತಿಗೆಗೆ ಮುಖ ಒತ್ತಿಕೊಂಡು, ಈದ್ ಹಬ್ಬದ ಅಂಗಿಯ ತೋಳು ನೆನೆಯುವ ಹಾಗೆ ಅತ್ತ. ಅಷ್ಟು ಸಂತೋಷ ಅವನಿಗೆ ಮದುವೆಯಾದಾಗಲೂ ಆಗಿರಲಿಲ್ಲ, ಮೊಯ್ನಾ ಹುಟ್ಟಿದಾಗ ಆಗಿದ್ದರೂ ಆಗಿರಬಹುದು.

ಶುಕ್ರವಾರ ನಮಾಜು ಮುಗಿದ ಮೇಲೆ ಗಂಡಿನ ಕಡೆಯವರು ಬಂದರು. ಜಮಖಾನೆ ಇರಲಿಲ್ಲ, ಗಾಡಿಗಳ ಮೆತ್ತೆಗಳನ್ನು ಬಿಚ್ಚಿ ಹಾಸಿದ್ದರು, ಸ್ವಲ್ಪ ಕುದುರೆಯ ವಾಸನೆ ಬರುತ್ತಿತ್ತು. ಗಲ್ಲಿಯ ಎರಡೂ ಕಡೆಯ ಬಾಗಿಲುಗಳಿಂದ ಹೆಂಗಸರು, ಗಂಡಸರು, ತಮ್ಮ ತಮ್ಮ ಮನೆಯ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಟರು. ಒಬ್ಬರದು ಕೋಳಿ ಪೋಲಾವು, ಒಬ್ಬರದು ಬರೀ ಅನ್ನ, ಒಬ್ಬರದು ಬೇಳೆ ಹಾಕಿದ ಖಿಚಡಿ, ಬಿಂದಿಗೆ ಮಾರುವ ಬಡವಳದು ಹುರಿದ ಬದನೆ. ಪ್ರತಿಯೊಬ್ಬರೂ ಪಾತ್ರೆಯ ಜೊತೆಗೆ ತೋತಾ ಮಿಯಾನಿಗೆ ಒಂದೊಂದು ಬೈಗುಳವನ್ನೂ ಕೊಟ್ಟೇ ಹೋದರು, ಅವನು ಎರಡನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡ. ಹಾಜಿ ಮೊತಾಲೆಬ್ ಬರಲಿಲ್ಲ. ಅವರ ಮನೆಯ ಹಿತ್ತಲ ಬಾಗಿಲಿನಿಂದ ಒಂದು ಪಾಯಸದ ಪಾತ್ರೆ ಬಂದಿತ್ತು ಎಂದು ಹೆಂಗಸರು ಆಮೇಲೆ ಹೇಳಿದರು. ಯಾರು ಕಳಿಸಿದ್ದು ಎಂದು ಯಾರೂ ವಿಚಾರಿಸಲಿಲ್ಲ.

ಶೋಬ್ರಾತಿ ಮಿಯಾ ಹೊಟ್ಟೆ ಬಿರಿಯುವಷ್ಟು ಉಂಡ. ಉಂಡು, ಕೈ ತೊಳೆದು, ಬೀಗರ ಮನೆಯಲ್ಲಿ ಒಂದು ಕೊಂಕು ತೆಗೆಯದೆ ಎದ್ದರೆ ಚೆನ್ನಾಗಿರುವುದಿಲ್ಲ ಎಂದು, ನಾಲ್ಕು ಜನಕ್ಕೆ ಕೇಳುವ ಹಾಗೆ ಆಡಿಕೊಂಡ.

"ಊಟ ಏನೋ ಸರಿ, ಬೀಗರೇ. ಆದ್ರೆ ಒಂದು ತುತ್ತಿನ ಉಪ್ಪು ಇನ್ನೊಂದು ತುತ್ತಿಗಿಲ್ಲ."

ತೋತಾ ಮಿಯಾ ಆಗ ಮೊಯ್ನಾಳನ್ನು ಗಾಡಿಗೆ ಹತ್ತಿಸುತ್ತಿದ್ದ. ಅವಳ ಸೆರಗನ್ನು ಚಕ್ರಕ್ಕೆ ಸಿಗದಂತೆ ಒಳಗೆ ಸರಿಸಿ, ಬಾಗಿಲು ಹಾಕಿ, ತಿರುಗಿದ.

"ಅದು ಇಡೀ ಚೂನಾ ಗಲ್ಲಿ ಉಪ್ಪು, ಬೀಗರೇ. ತಿಂದಾಯ್ತಲ್ಲ. ನಾಳೆ ಇವಳ ಕಣ್ಣಲ್ಲಿ ಒಂದು ಹನಿ ಬಂದ್ರೆ, ಜವಾಬು ಕೊಡಬೇಕಾದ್ದು ನನಗೊಬ್ಬನಿಗಲ್ಲ."

ಶೋಬ್ರಾತಿ ಮಿಯಾ ನಗಲು ಹೋಗಿ, ಸುತ್ತ ನಿಂತಿದ್ದ ಗಲ್ಲಿಯವರ ಮುಖಗಳನ್ನು ನೋಡಿ, ನಗದೆ ತಲೆಯಾಡಿಸಿದ.